ಸಕ್ಕರೆ ಕಾಯಿಲೆಯಲ್ಲಿ ಲೋಹಗಳ ಪಾಲು

ನಮ್ಮ ಹುಬ್ಬಳ್ಳಿ-ಧಾರವಾಡದ ಕಡೆ ಯಾರಿಗಾದರೂ ಶುಗರ್ ಬಂದಿದೆ ಎಂದು ಗೊತ್ತಾದರೆ ಮಂದಿ ಕೇಳುವ ಮೊದಲ ಮಾತು, ‘ಭಾಳ ಸಿಹಿ ತಿಂತಿದ್ರೇನ್ರೀ?’ ಎರಡನೆಯದು, ‘ನಿಮ್ಮ ಅಪ್ಪಾರಿಗೆ ಇತ್ತೇನು, ಅವ್ವಾರಿಗೆ ಇತ್ತೇನು?’ ಅಲ್ಲಿಗೆ ತನಿಖೆ ಮುಗಿಯಿತು. ತಪ್ಪು ಪೇಢೆಯದು, ಇಲ್ಲವೇ ಮನೆತನದ್ದು. ಆಸ್ಪತ್ರೆಗೆ ಬಂದರೆ ನಾವು ವೈದ್ಯರು ಇನ್ನೆರಡು ಪ್ರಶ್ನೆ ಸೇರಿಸುತ್ತೇವೆ: ತೂಕ ಎಷ್ಟು, ದಿನಾ ನಡೆಯುತ್ತೀರೋ ಇಲ್ಲವೋ. ಇವೆಲ್ಲ ಕೇಳಬೇಕಾದವೇ. ಆದರೆ ಕೇಳದೇ ಬಿಡುವ ಪ್ರಶ್ನೆಗಳೂ ಕೆಲವಿವೆ. ಹುಟ್ಟಿ ಬೆಳೆದ ಊರಿನಲ್ಲಿ ಯಾವ ನೀರು ಕುಡಿದಿರಿ? ಬಾಯಲ್ಲಿ ತಂಬಾಕು ಎಷ್ಟು ವರ್ಷದಿಂದ ಇದೆ? ದುಡಿಯುವ ಜಾಗದಲ್ಲಿ ಯಾವ ಹೊಗೆ, ಯಾವ ಧೂಳು? ಯಾರೋ ಕೊಟ್ಟ ಪುಡಿಯನ್ನು ನುಂಗುತ್ತಿದ್ದೀರಾ? ಈ ಪ್ರಶ್ನೆಗಳ ಹಿಂದೆ ಇರುವುದು ಲೋಹಗಳು: ಆರ್ಸೆನಿಕ್, ಕ್ಯಾಡ್ಮಿಯಂ, ಸೀಸ, ಪಾದರಸ, ನಿಕ್ಕೆಲ್. ರಸಾಯನಶಾಸ್ತ್ರದವರು ಆರ್ಸೆನಿಕ್ಕನ್ನು ಪೂರ್ತಿ ಲೋಹ ಎನ್ನುವುದಿಲ್ಲ. ವಿಷದ ಲೆಕ್ಕದಲ್ಲಿ ಅದು ಈ ಗುಂಪಿನ ಹಿರಿಯಣ್ಣ. ಇವು ರಕ್ತದ ಸಕ್ಕರೆಯ ಮೇಲೆ ಏನು ಮಾಡುತ್ತವೆ ಎಂಬುದು ಇವತ್ತಿನ ನನ್ನ ಮಾತು.

ಮೊದಲು ಪ್ರಮಾಣದ ವಿಚಾರ ಹೇಳಿಬಿಡುತ್ತೇನೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಬೆಂಬಲದಲ್ಲಿ ದೇಶದುದ್ದಕ್ಕೂ ನಡೆದ ಅಧ್ಯಯನದ ಫಲಿತಾಂಶ 2023ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ ಭಾರತದಲ್ಲಿ ಸುಮಾರು 10 ಕೋಟಿ 10 ಲಕ್ಷ ಜನರಿಗೆ ಮಧುಮೇಹವಿದೆ. ಇನ್ನೂ 13 ಕೋಟಿ 60 ಲಕ್ಷ ಜನ ಅದರ ಅಂಚಿನಲ್ಲಿದ್ದಾರೆ. ಇಷ್ಟು ಮಂದಿಯ ಕಾಯಿಲೆಗೆ ಲೋಹಗಳೇ ಕಾರಣ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಹೊಟ್ಟೆಯ ಸುತ್ತ ಬೆಳೆದ ಬೊಜ್ಜು, ಕೂತು ಮಾಡುವ ಕೆಲಸ, ವಂಶದಿಂದ ಬಂದ ಗುಣ ಇವೇ ದೊಡ್ಡ ಕಾರಣಗಳು. ಲೋಹಗಳ ಪಾಲು ಇವುಗಳಿಗಿಂತ ಚಿಕ್ಕದು. ಆದರೆ ಅದು ಎಲ್ಲರಿಗೂ ಸಮನಾಗಿ ಹಂಚಿಕೆಯಾಗಿಲ್ಲ. ಬೋರ್‌ವೆಲ್ ನೀರೇ ಗತಿಯಾದ ತಾಂಡಾದವರಿಗೆ, ಬ್ಯಾಟರಿ ಬಿಚ್ಚುವ ಹುಡುಗನಿಗೆ, ಹಲ್ಲಿಗೆ ನಶ್ಯಪುಡಿ ತಿಕ್ಕುವ ಅಜ್ಜಿಗೆ ಆ ಪಾಲು ಹೆಚ್ಚು ಬಂದಿದೆ. ಅವರ ಪರವಾಗಿ ಮಾತಾಡಬೇಕಾಗಿದೆ.

ನಮ್ಮ ರಾಜ್ಯದಲ್ಲೇ ಇರುವ ಒಂದು ಊರಿನಿಂದ ಶುರುಮಾಡೋಣ. ಯಾದಗಿರಿ ಜಿಲ್ಲೆ, ಸುರಪುರ ತಾಲ್ಲೂಕು, ಕಿರದಳ್ಳಿ ತಾಂಡಾ. ಲಂಬಾಣಿಗರ ಊರು. ಹತ್ತಿರದಲ್ಲೇ ಮಂಗಳೂರು ಎಂಬ ಇನ್ನೊಂದು ಊರಿದೆ. ಕರಾವಳಿಯ ಮಂಗಳೂರಲ್ಲ, ಸುರಪುರ ಸೀಮೆಯ ಮಂಗಳೂರು. ಅಲ್ಲಿ ಒಂದು ಕಾಲಕ್ಕೆ ಚಿನ್ನದ ಗಣಿ ನಡೆಯುತ್ತಿತ್ತು, 1990ರ ದಶಕದಲ್ಲಿ ಮುಚ್ಚಿತು. ನಮ್ಮ ಸೀಮೆಯ ಚಿನ್ನ ಒಂಟಿಯಾಗಿ ಸಿಗುವುದಿಲ್ಲ. ಕಬ್ಬಿಣ, ಗಂಧಕ, ಆರ್ಸೆನಿಕ್ ಮೂರೂ ಕೂಡಿದ ಆರ್ಸೆನೋಪೈರೈಟ್ ಎಂಬ ಖನಿಜ ಅದರ ಜೊತೆಗೇ ಇರುತ್ತದೆ. ನೆಲದಾಳದಲ್ಲಿ ಬಂಡೆಯೊಳಗೆ ಇರುವತನಕ ಅದು ಯಾರಿಗೂ ಕೇಡು ಮಾಡುವುದಿಲ್ಲ. ಅದಿರನ್ನು ಮೇಲೆತ್ತಿ, ಕುಟ್ಟಿ ಪುಡಿಮಾಡಿ, ಚಿನ್ನ ತೆಗೆದುಕೊಂಡು ಉಳಿದದ್ದನ್ನು ಗುಡ್ಡೆ ಹಾಕಿದರೆ ಗಾಳಿ ಮಳೆ ತಾಗಿ ಆರ್ಸೆನಿಕ್ ಬಿಡಿಸಿಕೊಂಡು ಹೊರಗೆ ಬರುತ್ತದೆ. ಮಣ್ಣಿಗೆ ಇಳಿಯುತ್ತದೆ, ಅಲ್ಲಿಂದ ಅಂತರ್ಜಲಕ್ಕೆ.

ಆ ಸೀಮೆಯಲ್ಲಿ ನಡೆದ ಅಧ್ಯಯನ 2013ರಲ್ಲಿ ಪ್ರಕಟವಾಯಿತು. ಬಂಗಾಳದ ಆರ್ಸೆನಿಕ್ ದುರಂತವನ್ನು ಜಗತ್ತಿಗೆ ತೋರಿಸಿಕೊಟ್ಟ ಜಾದವಪುರ ವಿಶ್ವವಿದ್ಯಾಲಯದ ದೀಪಂಕರ ಚಕ್ರವರ್ತಿ ಅದರ ಮುಂದಾಳು. 59 ಕೊಳವೆಬಾವಿಗಳ ನೀರು ಪರೀಕ್ಷೆ ಮಾಡಿದರೆ ಶೇಕಡಾ 79ರಲ್ಲಿ ಲೀಟರಿಗೆ 10 ಮೈಕ್ರೋಗ್ರಾಂ ಮೀರಿ ಆರ್ಸೆನಿಕ್ ಇತ್ತು. ಕುಡಿಯುವ ನೀರಿಗೆ ನಮ್ಮ ದೇಶದ ಮಾನಕವೂ, ವಿಶ್ವ ಆರೋಗ್ಯ ಸಂಸ್ಥೆಯೂ ಹಾಕಿದ ಗೆರೆ ಆ 10. ಅತಿ ಹೆಚ್ಚು ಕಂಡದ್ದು 303. ಚರ್ಮ ನೋಡಿಸಿಕೊಂಡ 181 ಮಂದಿಯಲ್ಲಿ ಶೇಕಡಾ 58.6ರಷ್ಟು ಜನರಲ್ಲಿ ಆರ್ಸೆನಿಕ್ಕಿನ ಗುರುತುಗಳಿದ್ದವು. ಕೂದಲು, ಉಗುರು ಕೊಟ್ಟ 171 ಮಂದಿಯಲ್ಲಿ ಒಬ್ಬರೂ ಇದಕ್ಕೆ ಹೊರತಾಗಲಿಲ್ಲ; ಎಲ್ಲರದರಲ್ಲೂ ಅದು ಮಿತಿಮೀರಿ ಇತ್ತು.

ಆ ಗುರುತು ಹೇಗಿರುತ್ತದೆ ಎಂದು ಹೇಳುತ್ತೇನೆ, ಕೇಳುಗರಲ್ಲಿ ಯಾರಾದರೂ ಕಂಡಿದ್ದರೆ ತಿಳಿಯಲಿ. ಅಂಗೈ ಅಂಗಾಲಿನ ಚರ್ಮ ದಪ್ಪಗಾಗಿ ಜೋಳದ ಕಾಳಿನಷ್ಟು ಗಂಟುಗಂಟು ಏಳುತ್ತವೆ. ಕೈ ಸವರಿದರೆ ಒರಟು. ಎದೆ, ಬೆನ್ನಿನ ಮೇಲೆ ಕಪ್ಪು ಚುಕ್ಕೆ, ನಡುನಡುವೆ ಬಿಳಿ ಚುಕ್ಕೆ. ಮಣ್ಣಿನ ಹಾದಿಯ ಮೇಲೆ ಮಳೆಯ ಮೊದಲ ಹನಿಗಳು ಬಿದ್ದ ಹಾಗೆ ಕಾಣುತ್ತದೆ. ಬಾಯಿಗೆ ಆ ನೀರು ಸಪ್ಪೆಯೂ ಅಲ್ಲ, ಕಹಿಯೂ ಅಲ್ಲ. ವಾಸನೆ ಇಲ್ಲ, ಬಣ್ಣ ಇಲ್ಲ. ಕಾಯಿಸಿದರೆ ಆರ್ಸೆನಿಕ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಅದರ ಪ್ರಮಾಣ ಏರುತ್ತದೆ. ಅದೇ ನೀರಿನಲ್ಲಿ ಅನ್ನ ಬೇಯಿಸಿದರೆ ಅನ್ನದೊಳಗೂ ಬರುತ್ತದೆ.

ಚರ್ಮದ ಗುರುತು ಕಣ್ಣಿಗೆ ಕಾಣುವುದರಿಂದ ಎಲ್ಲರೂ ಅದನ್ನೇ ಮಾತಾಡುತ್ತಾರೆ. ರಕ್ತದ ಸಕ್ಕರೆ ಕಣ್ಣಿಗೆ ಕಾಣುವುದಿಲ್ಲ. ತೈವಾನಿನ ನೈಋತ್ಯ ಕರಾವಳಿಯ ಹಳ್ಳಿಗಳಲ್ಲಿ ಜನ ಹಲವು ದಶಕ ಆಳದ ಬಾವಿಗಳ ಆರ್ಸೆನಿಕ್ ನೀರು ಕುಡಿದರು. ಕಾಲಿನ ಬೆರಳು ಕಪ್ಪಾಗಿ ಕೊಳೆಯುವ ರೋಗಕ್ಕೆ ಆ ಹಳ್ಳಿಗಳು ಕುಖ್ಯಾತವಾಗಿದ್ದವು. 1994ರಲ್ಲಿ ಅಲ್ಲಿನ ಸಂಶೋಧಕರು ಬೇರೊಂದು ಲೆಕ್ಕ ತೆಗೆದರು: ಆ ಹಳ್ಳಿಗಳಲ್ಲಿ ಮಧುಮೇಹ ದೇಶದ ಉಳಿದ ಕಡೆಗಿಂತ ಸುಮಾರು ದುಪ್ಪಟ್ಟು. ಕುಡಿದ ಆರ್ಸೆನಿಕ್ ಹೆಚ್ಚಾದಂತೆ ಕಾಯಿಲೆಯೂ ಹೆಚ್ಚು. 1998ರಲ್ಲಿ ಬಾಂಗ್ಲಾದೇಶದಿಂದಲೂ ಇದೇ ಬಗೆಯ ವರದಿ ಬಂತು. ಅಂಗೈಯಲ್ಲಿ ಗಂಟು ಇದ್ದವರಲ್ಲಿ ಮಧುಮೇಹ ಎದ್ದು ಕಾಣುತ್ತಿತ್ತು. ಬಾಂಗ್ಲಾದೇಶದಲ್ಲಿ ಆ ಕೊಳವೆಬಾವಿಗಳನ್ನು ಕೊರೆದದ್ದು ಕೆರೆಹೊಂಡದ ನೀರಿನಿಂದ ಬರುವ ವಾಂತಿಭೇದಿಯನ್ನು ತಡೆಯಲಿಕ್ಕೆ. ಒಳ್ಳೆಯ ಉದ್ದೇಶವೇ, ಆದರೆ ಕೊರೆದ ಮೇಲೆ ನೀರಿನಲ್ಲಿ ಏನಿದೆ ಎಂದು ನೋಡಲಿಲ್ಲ. ನಮ್ಮ ಬಯಲುಸೀಮೆಯಲ್ಲೂ ಬರ ಬಂದಾಗ ಬೋರು ಹೊಡೆಯುವ ಆತುರ ಎಷ್ಟಿರುತ್ತದೋ ನೀರು ಪರೀಕ್ಷೆ ಮಾಡಿಸುವ ಆತುರ ಅಷ್ಟಿರುವುದಿಲ್ಲ.

ಅಮೆರಿಕದ ರಾಷ್ಟ್ರೀಯ ವಿಷವಿಜ್ಞಾನ ಕಾರ್ಯಕ್ರಮದವರು 2011ರಲ್ಲಿ ತಜ್ಞರನ್ನು ಸೇರಿಸಿ ಅಲ್ಲಿಯವರೆಗಿನ ಎಲ್ಲ ಅಧ್ಯಯನ ತೂಗಿ ನೋಡಿದರು. ಲೀಟರಿಗೆ 150 ಮೈಕ್ರೋಗ್ರಾಂ ಅಥವಾ ಅದಕ್ಕೂ ಮೇಲೆ ಆರ್ಸೆನಿಕ್ ಇರುವ ನೀರು ಕುಡಿದವರಲ್ಲಿ ಮಧುಮೇಹದ ಸಂಬಂಧಕ್ಕೆ ಆಧಾರವಿದೆ, ಅದಕ್ಕಿಂತ ಕಡಿಮೆ ಇರುವ ಕಡೆ ಆಧಾರ ಇನ್ನೂ ಸಾಲದು ಎಂದರು. ಕಿರದಳ್ಳಿ ಸೀಮೆಯ ಅತಿ ಕೆಟ್ಟ ಬಾವಿಯ 303ನ್ನು ಈ 150ರ ಪಕ್ಕದಲ್ಲಿ ಇಟ್ಟು ನೋಡಿ.

ಈಗ ಒಳಗೆ ನಡೆಯುವುದೇನು ಎಂಬುದಕ್ಕೆ ಬರೋಣ. ಹೊಟ್ಟೆಯ ಹಿಂಬದಿಗೆ, ಜಠರದ ಮರೆಯಲ್ಲಿ, ಮೇದೋಜೀರಕ ಗ್ರಂಥಿ ಇದೆ. ತೂಕ ನೂರು ಗ್ರಾಮಿನ ಆಸುಪಾಸು. ಅದರಲ್ಲಿ ಚೆದುರಿದ ಹತ್ತು ಲಕ್ಷದಷ್ಟು ಪುಟ್ಟ ದ್ವೀಪಗಳಿವೆ. ಎಲ್ಲ ಕೂಡಿಸಿದರೂ ಗ್ರಂಥಿಯ ನೂರರಲ್ಲಿ ಒಂದೆರಡು ಪಾಲು. ಆ ದ್ವೀಪಗಳಲ್ಲಿರುವ ಬೀಟಾ ಕೋಶಗಳು ಮಾತ್ರ ಇನ್ಸುಲಿನ್ ತಯಾರಿಸುತ್ತವೆ. ಇಡೀ ದೇಹದ ಸಕ್ಕರೆಯ ಆಡಳಿತ ಆ ಹಿಡಿಯಷ್ಟೂ ಇಲ್ಲದ ಕೋಶಗಳ ಕೈಯಲ್ಲಿದೆ. ಯಕೃತ್ತಿನಂಥ ಅಂಗಕ್ಕೆ ವಿಷದ ಉರಿಯನ್ನು ಆರಿಸಿಕೊಳ್ಳುವ ಕಿಣ್ವಗಳು ಧಾರಾಳವಾಗಿವೆ. ಬೀಟಾ ಕೋಶಕ್ಕೆ ಆ ರಕ್ಷಣೆ ಬಹಳ ಕಡಿಮೆ. ಆದ್ದರಿಂದ ಲೋಹ ಒಳಗೆ ಬಂದು ಉರಿ ಎಬ್ಬಿಸಿದರೆ ಮೊದಲು ಸೊರಗುವ ಕೋಶಗಳಲ್ಲಿ ಇವೂ ಸೇರುತ್ತವೆ.

ಆರ್ಸೆನಿಕ್ ಇನ್ನೊಂದು ಕಡೆಯಿಂದಲೂ ಹೊಡೆಯುತ್ತದೆ. ಉಂಡ ಮೇಲೆ ರಕ್ತಕ್ಕೆ ಬಂದ ಗ್ಲೂಕೋಸಿನ ಬಹುಪಾಲನ್ನು ಒಳಗೆಳೆದುಕೊಳ್ಳುವುದು ನಮ್ಮ ಸ್ನಾಯುಗಳು. ಇನ್ಸುಲಿನ್ ಬಂದು ಸ್ನಾಯುಕೋಶಕ್ಕೆ ತಗುಲಿದಾಗ ಒಳಗೆ ಒಂದು ಪ್ರೋಟೀನಿನಿಂದ ಇನ್ನೊಂದಕ್ಕೆ ಸುದ್ದಿ ದಾಟುತ್ತಾ ಹೋಗಿ, ಕೊನೆಗೆ ಗ್ಲೂಟ್-4 ಎಂಬ ವಾಹಕ ಕೋಶದ ಮೇಲ್ಮೈಗೆ ಬಂದು ಗ್ಲೂಕೋಸನ್ನು ಒಳಕ್ಕೆ ಒಯ್ಯುತ್ತದೆ. ಆರ್ಸೆನಿಕ್ ಈ ಸುದ್ದಿಯನ್ನು ನಡುದಾರಿಯಲ್ಲಿ ತಡೆಯುತ್ತದೆ. ಇನ್ಸುಲಿನ್ ಇದ್ದರೂ ಸ್ನಾಯುವಿಗೆ ಕೇಳಿಸುವುದಿಲ್ಲ. ಒಳಗೆ ಹೋದ ಗ್ಲೂಕೋಸನ್ನು ಉರಿಸಿ ಶಕ್ತಿ ಮಾಡಿಕೊಳ್ಳುವ ಕಿಣ್ವವೊಂದಕ್ಕೂ ಅದು ಅಂಟಿಕೊಂಡು ಕೆಲಸ ನಿಲ್ಲಿಸುತ್ತದೆ. ಹೀಗೆ ಇನ್ಸುಲಿನ್ ತಯಾರಿಯೂ ತಗ್ಗಿತು, ತಯಾರಾದದ್ದರ ಬಳಕೆಯೂ ಕೆಟ್ಟಿತು. ಈ ವಿವರಗಳು ಹೆಚ್ಚಾಗಿ ಪ್ರಯೋಗಾಲಯದ ಕೋಶಗಳಲ್ಲಿ, ಇಲಿಗಳಲ್ಲಿ ಕಂಡವು. ಮನುಷ್ಯರಲ್ಲಿ ಸಿಕ್ಕ ಲೆಕ್ಕಗಳಿಗೆ ಇವು ಹೊಂದುತ್ತವೆ ಎಂಬುದೇ ಇವುಗಳ ಬೆಲೆ.

ಇಲ್ಲಿ ಊಟದ ಮಾತು ಬರುತ್ತದೆ. ದೇಹಕ್ಕೆ ಬಂದ ಆರ್ಸೆನಿಕ್ಕನ್ನು ಯಕೃತ್ತು ರೂಪ ಬದಲಿಸಿ ಮೂತ್ರದಲ್ಲಿ ಹೊರಹಾಕುತ್ತದೆ. ಆ ಕೆಲಸಕ್ಕೆ ಫೋಲೇಟ್ ಎಂಬ ಬಿ ಗುಂಪಿನ ವಿಟಮಿನ್ ನೆರವಾಗುತ್ತದೆ. ಬಾಂಗ್ಲಾದೇಶದಲ್ಲಿ ಫೋಲೇಟ್ ಕೊರತೆ ಇದ್ದವರಿಗೆ ಫೋಲಿಕ್ ಆಮ್ಲದ ಗುಳಿಗೆ ಕೊಟ್ಟು ನೋಡಿದಾಗ ರಕ್ತದ ಆರ್ಸೆನಿಕ್ ಇಳಿಯಿತು. ರೊಟ್ಟಿಯ ಜೊತೆಗೆ ಹಸಿ ಮೆಂತ್ಯ, ಹಕ್ಕರಿಕೆ, ಕಾಳುಪಲ್ಯ ತಿನ್ನುವ ನಮ್ಮ ಪದ್ಧತಿಯಲ್ಲಿ ಈ ವಿಟಮಿನ್ ತಾನಾಗಿಯೇ ಸಿಗುತ್ತದೆ. ಬರಿಯ ರೊಟ್ಟಿ, ಖಾರದಪುಡಿಯಲ್ಲಿ ದಿನ ದೂಡುವ ಕೂಲಿಯವರಿಗೆ ಸಿಗುವುದಿಲ್ಲ. ಕೆಟ್ಟ ನೀರೂ ಅವರದೇ, ಕೊರತೆಯ ಊಟವೂ ಅವರದೇ. ಆದರೆ ಸೊಪ್ಪು ತಿಂದರೆ ಕೆಟ್ಟ ನೀರು ಕುಡಿಯಬಹುದು ಎಂದು ಇದರ ಅರ್ಥವಲ್ಲ. ನೀರು ಬದಲಾಗಲೇಬೇಕು.

ಹುಬ್ಬಳ್ಳಿ-ಧಾರವಾಡದವರು ಕೇಳಬಹುದು, ನಮ್ಮ ನೀರು ಹೇಗೆ ಎಂದು. ಮಹಾನಗರದ ನಳಕ್ಕೆ ಬರುವುದು ಸವದತ್ತಿ ಹತ್ತಿರದ ನವಿಲುತೀರ್ಥದಲ್ಲಿ ಕಟ್ಟಿದ ಮಲಪ್ರಭೆಯ ನೀರು, ಜೊತೆಗೆ ಕಲಘಟಗಿ ಕಡೆಯ ನೀರಸಾಗರದ್ದು. ಎರಡೂ ನೆಲದ ಮೇಲಿನ ನೀರು. ಆರ್ಸೆನಿಕ್ಕಿನ ದೃಷ್ಟಿಯಿಂದ ಭಯಪಡುವ ಕಾರಣವಿಲ್ಲ. ನಳದ ನೀರು ದಿನಗಟ್ಟಲೆ ಬಾರದ ಬಡಾವಣೆಗಳಲ್ಲಿ ಬೋರ್ ನೀರು ಕುಡಿಯುವವರು ಅದನ್ನು ಪರೀಕ್ಷೆ ಮಾಡಿಸುವುದು ಒಳ್ಳೆಯದು. ಜಿಲ್ಲಾ ನೀರು ಪರೀಕ್ಷಾ ಪ್ರಯೋಗಾಲಯಗಳಲ್ಲಿ ಸಾರ್ವಜನಿಕರೂ ನೀರು ಕೊಡಬಹುದು. ಗಡಸುತನ, ಫ್ಲೋರೈಡ್ ನೋಡಿ ‘ನೀರು ಚಲೋ ಐತಿ’ ಎಂದು ಬರೆದುಕೊಟ್ಟರೆ ಅದರಲ್ಲಿ ಲೋಹಗಳ ಪರೀಕ್ಷೆ ಸೇರಿರುವುದಿಲ್ಲ. ಆರ್ಸೆನಿಕ್, ಸೀಸ, ಕ್ಯಾಡ್ಮಿಯಂ ಎಂದು ಬಾಯಿಬಿಟ್ಟು ಕೇಳಬೇಕು.

ಪಕ್ಕದ ಗದಗ ಜಿಲ್ಲೆಯ ಕಪ್ಪತಗುಡ್ಡವನ್ನೂ ಇಲ್ಲಿ ನೆನೆಯಬೇಕು. ಗದಗ ಪಟ್ಟಿಯ ಚಿನ್ನದ ಅದಿರಿನಲ್ಲೂ ಆರ್ಸೆನೋಪೈರೈಟ್ ಇದೆ. ಜನ ಹೋರಾಡಿ ಆ ಗುಡ್ಡವನ್ನು ಗಣಿಗಾರಿಕೆಯಿಂದ ಉಳಿಸಿಕೊಂಡರು, 2019ರಲ್ಲಿ ಅದು ವನ್ಯಜೀವಿಧಾಮವಾಯಿತು. ಔಷಧಿ ಸಸ್ಯಗಳಿಗಾಗಿ, ಗಾಳಿಗಾಗಿ, ಮಳೆಗಾಗಿ ಆ ಹೋರಾಟ ಎಂದು ಎಲ್ಲರೂ ಹೇಳುತ್ತಾರೆ. ಸುತ್ತಲ ಹಳ್ಳಿಗಳ ಬಾವಿಯ ನೀರಿಗಾಗಿ ಎಂಬ ಕಾರಣವನ್ನೂ ಅದಕ್ಕೆ ಸೇರಿಸಿಕೊಳ್ಳಬೇಕು ಎಂಬುದು ನನ್ನ ಅಭಿಪ್ರಾಯ. ಮುಂದೆ ಯಾರಾದರೂ ಗಣಿಗೆ ಅರ್ಜಿ ಹಾಕಿದಾಗ ಕಿರದಳ್ಳಿಯ ಹೆಸರು ಆ ಸಭೆಯಲ್ಲಿ ಕೇಳಿಬರಬೇಕು.

ಇನ್ನು ಕ್ಯಾಡ್ಮಿಯಂ. ಇದು ನಮ್ಮ ನಗರದ ಪ್ರತಿ ಓಣಿಯಲ್ಲಿದೆ, ಪಾನ್ ಅಂಗಡಿಯಲ್ಲಿದೆ. ತಂಬಾಕಿನ ಗಿಡಕ್ಕೆ ಒಂದು ಗುಣವಿದೆ: ಮಣ್ಣಿನಲ್ಲಿರುವ ಕ್ಯಾಡ್ಮಿಯಂ ಅನ್ನು ಹೀರಿ ಎಲೆಯಲ್ಲಿ ಕೂಡಿಡುತ್ತದೆ. ಒಂದು ಸಿಗರೇಟಿನಲ್ಲಿ ಒಂದೆರಡು ಮೈಕ್ರೋಗ್ರಾಂ ಇರುತ್ತದೆ; ಅದರಲ್ಲಿ ಹತ್ತರಲ್ಲೊಂದು ಪಾಲು ಸೇದುವವರ ಎದೆಗೆ ಇಳಿಯುತ್ತದೆ. ಕಡಿಮೆ ಎನಿಸಬಹುದು. ಆದರೆ ಒಳಗೆ ಹೋದ ಕ್ಯಾಡ್ಮಿಯಂ ಹೊರಗೆ ಬರುವುದೇ ಇಲ್ಲ ಎನ್ನುವಷ್ಟು ನಿಧಾನ. ಮೂತ್ರಪಿಂಡದಲ್ಲಿ ಕೂತದ್ದು ಅರ್ಧದಷ್ಟು ಖಾಲಿಯಾಗಲು ಹತ್ತರಿಂದ ಮೂವತ್ತು ವರ್ಷ ಬೇಕು. ಸೇದುವವರ ದೇಹದಲ್ಲಿ ಸೇದದವರಿಗಿಂತ ಸುಮಾರು ಎರಡು ಪಟ್ಟು ಕ್ಯಾಡ್ಮಿಯಂ ಇರುತ್ತದೆ.

ಬೀಟಾ ಕೋಶಕ್ಕೆ ಅದು ಹೋಗುವ ಬಗೆ ವಿಚಿತ್ರವಾಗಿದೆ. ಇನ್ಸುಲಿನ್ನನ್ನು ದಾಸ್ತಾನು ಮಾಡಲು ಬೀಟಾ ಕೋಶಕ್ಕೆ ಸತು ಬೇಕು. ಆರು ಇನ್ಸುಲಿನ್ ಅಣುಗಳು ಎರಡು ಸತುವಿನ ಅಯಾನುಗಳ ಸುತ್ತ ಕೂಡಿಕೊಂಡು ಗಟ್ಟಿಯಾಗಿ ಕೂರುತ್ತವೆ. ಆದ್ದರಿಂದ ಈ ಕೋಶ ರಕ್ತದಿಂದ ಸತುವನ್ನು ಎಡೆಬಿಡದೆ ಒಳಗೆ ಕರೆದುಕೊಳ್ಳುತ್ತಿರುತ್ತದೆ. ಕ್ಯಾಡ್ಮಿಯಂ ರಾಸಾಯನಿಕವಾಗಿ ಸತುವಿನ ದಾಯಾದಿ. ಅದು ಸತುವಿನ ದಾರಿಯಲ್ಲೇ ಒಳಗೆ ನುಗ್ಗಿ ಅಲ್ಲೇ ಉಳಿಯುತ್ತದೆ. ಅಮೆರಿಕದ ದೊಡ್ಡ ಆರೋಗ್ಯ ಸಮೀಕ್ಷೆಯೊಂದರ ಮಾಹಿತಿ ಇಟ್ಟುಕೊಂಡು 2003ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮೂತ್ರದಲ್ಲಿ ಕ್ಯಾಡ್ಮಿಯಂ ಹೆಚ್ಚಿದ್ದವರಲ್ಲಿ ಮಧುಮೇಹವೂ ಹೆಚ್ಚಿತ್ತು. ಮುಂದೆ ಬಂದ ಅಧ್ಯಯನಗಳು ಎಲ್ಲವೂ ಹೌದು ಎಂದಿಲ್ಲ. ಆದರೆ ತಂಬಾಕು ಮತ್ತು ಸಕ್ಕರೆ ಕಾಯಿಲೆಯ ನಂಟಿನ ಬಗ್ಗೆ ಅನುಮಾನ ಬೇಡ: ಸೇದುವವರಿಗೆ ಮಧುಮೇಹ ಬರುವ ಸಂಭವ ಸೇದದವರಿಗಿಂತ ಶೇಕಡಾ 30ರಿಂದ 40ರಷ್ಟು ಹೆಚ್ಚು. ನಿಕೋಟಿನ್ನಿನ ಪಾಲೂ ಅದರಲ್ಲಿದೆ. ಜಗಿಯುವ ತಂಬಾಕಿನ ಮಾತಿಗೆ ಬಂದರೆ, ಕರ್ನಾಟಕದಲ್ಲಿ ಗುಟ್ಖಾ ನಿಷೇಧವಾದದ್ದು 2013ರಲ್ಲಿ. ಆದರೂ ಅಡಿಕೆಯ ಪೊಟ್ಟಣ ಬೇರೆ, ತಂಬಾಕಿನ ಪೊಟ್ಟಣ ಬೇರೆ ಮಾಡಿ ಮಾರಿ, ಕೊಂಡವರು ಅಂಗೈಯಲ್ಲಿ ಕೂಡಿಸಿ ತಿಕ್ಕಿ ಬಾಯಿಗೆ ಹಾಕಿಕೊಳ್ಳುವುದನ್ನು ಚೆನ್ನಮ್ಮ ಸರ್ಕಲ್ಲಿನಲ್ಲಿ ನಿಂತು ಯಾರು ಬೇಕಾದರೂ ನೋಡಬಹುದು.

ಲೋಹ ಮತ್ತು ಸಕ್ಕರೆಯ ನಂಟು ಹೊಸ ಊಹೆ ಎಂದು ತಿಳಿಯುವವರಿಗೆ ಕಬ್ಬಿಣದ ಉದಾಹರಣೆ ಕೊಡುತ್ತೇನೆ. ಕಬ್ಬಿಣ ವಿಷವಲ್ಲ, ರಕ್ತಕ್ಕೆ ಬೇಕೇ ಬೇಕು. ಆದರೆ ಮಿತಿಮೀರಿ ಕೂಡಿದರೆ ಯಕೃತ್ತು, ಹೃದಯ, ಮೇದೋಜೀರಕ ಗ್ರಂಥಿಗಳಲ್ಲಿ ಕೂತು ಕೆಡಿಸುತ್ತದೆ. ಚರ್ಮ ಕಂಚಿನ ಬಣ್ಣಕ್ಕೆ ತಿರುಗಿ ಮಧುಮೇಹವೂ ಬಂದ ರೋಗಿಯನ್ನು ಫ್ರಾನ್ಸಿನ ವೈದ್ಯ ಟ್ರೂಸೋ 1865ರಲ್ಲೇ ವರ್ಣಿಸಿದ್ದಾನೆ. ಇಂದು ಇದನ್ನು ನಾವು ಕಾಣುವುದು ಥಲಸ್ಸೀಮಿಯಾ ಮಕ್ಕಳಲ್ಲಿ. ಎರಡು ಮೂರು ವಾರಕ್ಕೊಮ್ಮೆ ರಕ್ತ ಹಾಕಿಸಿಕೊಂಡು ಬದುಕುವ ಮಕ್ಕಳಿವು. ಪ್ರತಿ ಬಾಟಲಿ ರಕ್ತದ ಜೊತೆ ಸುಮಾರು 200 ಮಿಲಿಗ್ರಾಂ ಕಬ್ಬಿಣ ಒಳಗೆ ಬರುತ್ತದೆ. ಅದನ್ನು ಹೊರಹಾಕುವ ಗುಳಿಗೆ ಸರಿಯಾಗಿ ಸಿಗದ ಮಕ್ಕಳಿಗೆ ಹದಿಹರೆಯದಲ್ಲೇ ಸಕ್ಕರೆ ಕಾಯಿಲೆ ಬರುತ್ತದೆ. ಆ ಮಕ್ಕಳ ತಾಯಂದಿರಿಗೆ ಒಂದು ಮಾತು: ರಕ್ತ ಹಾಕಿಸಲು ಬಂದಾಗ ದೇಹದ ಕಬ್ಬಿಣದ ದಾಸ್ತಾನು ತೋರಿಸುವ ಫೆರಿಟಿನ್ ಪರೀಕ್ಷೆ ಕೇಳಿ, ಹತ್ತು ವರ್ಷ ದಾಟಿದ ಮಗುವಿಗೆ ವರ್ಷಕ್ಕೊಮ್ಮೆಯಾದರೂ ಸಕ್ಕರೆ ಪರೀಕ್ಷೆ ಮಾಡಿಸಿ.

ನಿಕ್ಕೆಲ್ಲಿನ ಬಗ್ಗೆ ನಮ್ಮ ನೆರೆಯ ವಿಜಯಪುರದಲ್ಲೇ ಕೆಲಸ ನಡೆದಿದೆ. ಅಲ್ಲಿನ ಶರೀರಕ್ರಿಯಾ ವಿಜ್ಞಾನದ ಪ್ರಾಧ್ಯಾಪಕ ಕುಸಾಲ್ ಕೆ. ದಾಸ್ ಮತ್ತು ಸಂಗಡಿಗರು ಇಲಿಗಳಿಗೆ ನಿಕ್ಕೆಲ್ ಕೊಟ್ಟು ಅದು ಮಾಡುವ ಹಾನಿಯನ್ನು, ವಿಟಮಿನ್ ಸಿ ಮತ್ತು ಬೆಳ್ಳುಳ್ಳಿ ಆ ಹಾನಿಯನ್ನು ತಡೆಯಬಲ್ಲವೇ ಎಂಬುದನ್ನು ವರ್ಷಗಟ್ಟಲೆ ಅಭ್ಯಾಸ ಮಾಡಿದ್ದಾರೆ. ಇದನ್ನು ಕೇಳಿ ನಾಳೆಯಿಂದ ಬೆಳ್ಳುಳ್ಳಿ ಜಗಿದು ಗುಳಿಗೆ ಬಿಡಬೇಡಿ. ಅದು ಇಲಿಗಳ ಮಾತು.

ಸೀಸದ ವಿಚಾರದಲ್ಲಿ ರಕ್ತದ ಸಕ್ಕರೆಯ ಮೇಲಿನ ನೇರ ಪರಿಣಾಮಕ್ಕೆ ಆಧಾರ ಅಷ್ಟು ಗಟ್ಟಿಯಿಲ್ಲ. ಆದರೆ ಸೀಸ ಮೂತ್ರಪಿಂಡವನ್ನು ಕೆಡಿಸುತ್ತದೆ, ರಕ್ತದೊತ್ತಡ ಏರಿಸುತ್ತದೆ. ಮಧುಮೇಹವೂ ಕೆಡಿಸುವುದು ಅದೇ ಮೂತ್ರಪಿಂಡವನ್ನು. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿದ್ದ ಡಾ. ತುಪ್ಪಿಲ್ ವೆಂಕಟೇಶ್ ಸೀಸದ ವಿಷದ ಬಗ್ಗೆ ದೇಶದ ಕಣ್ಣು ತೆರೆಸಲು ದಶಕಗಳ ಕಾಲ ದುಡಿದರು. 2000ದಲ್ಲಿ ಸೀಸದ ಪೆಟ್ರೋಲು ನಿಂತಿತು, 2017ರಲ್ಲಿ ಮನೆಯ ಬಣ್ಣಗಳಿಗೆ ಮಿತಿ ಬಂತು. ಉಳಿದಿರುವುದು ಹಳೆಯ ಇನ್ವರ್ಟರ್ ಬ್ಯಾಟರಿಯನ್ನು ಅಂಗಡಿಯ ಮುಂದೆಯೇ ಬಿಚ್ಚಿ ಬಡಿಯುವ ಕೆಲಸ, ಹಿತ್ತಾಳೆ ಪಾತ್ರೆಗೆ ಸೀಸ ಬೆರೆತ ಕಲಾಯಿ, ಹೊಳೆಯುವಂತೆ ಬಣ್ಣ ಹಾಕಿದ ಅರಿಸಿನ. ಬಾಂಗ್ಲಾದೇಶದ ಮಾರುಕಟ್ಟೆಯ ಅರಿಸಿನದಲ್ಲಿ 2019ರಲ್ಲಿ ನೂರಕ್ಕೆ 47 ಮಾದರಿಗಳಲ್ಲಿ ಸೀಸವಿತ್ತು. ಸರ್ಕಾರ ದಂಡ ಹಾಕಿ, ಸುದ್ದಿ ಹಬ್ಬಿಸಿ, ಸಗಟು ಮಾರುಕಟ್ಟೆಯಲ್ಲಿ ಯಂತ್ರ ಹಿಡಿದು ಪರೀಕ್ಷೆ ಮಾಡಿತು. 2021ರ ಹೊತ್ತಿಗೆ ಆ ಸಂಖ್ಯೆ ಸೊನ್ನೆ. ಮನಸ್ಸು ಮಾಡಿದರೆ ಎರಡೇ ವರ್ಷದ ಕೆಲಸ.

ಈಗ ನನಗೆ ಎಲ್ಲಕ್ಕಿಂತ ಹೆಚ್ಚು ಸಂಕಟ ತರುವ ವಿಷಯ. ಸಕ್ಕರೆ ಕಾಯಿಲೆಯವರು ಅದರ ಔಷಧಿ ಎಂದು ಲೋಹವನ್ನೇ ನುಂಗುವುದು. ಕುಂದಗೋಳ ಕಡೆಯ ಹಿರಿಯರೊಬ್ಬರು ಹೊಟ್ಟೆನೋವು ಎಂದು ಬಂದಿದ್ದರು. ‘ಹೊಟ್ಟಿ ತಿರುವಿ ತಿರುವಿ ಕಡೀತೈತ್ರೀ ಡಾಕ್ಟರ್ರ, ಬಯಲಕಡಿಗಿ ಹೋಗಿ ನಾಕ್ ದಿನ ಆತ್ರಿ.’ ಮುಖ ಬಿಳಿಚಿತ್ತು. ಬಾಯಿ ತೆರೆಸಿ ನೋಡಿದರೆ ಒಸಡಿನ ಅಂಚಿಗೆ, ಹಲ್ಲು ಸೇರುವಲ್ಲಿ, ಪೆನ್ಸಿಲಿನಿಂದ ಎಳೆದ ಹಾಗೆ ನೀಲಿಗಪ್ಪು ಗೆರೆ. ಏನು ಔಷಧಿ ತಗೊಳ್ಳುತ್ತೀರಿ ಎಂದರೆ ಗುಳಿಗೆಯ ಹೆಸರು ಹೇಳಿದರು. ‘ಮತ್ತೇನಾದರೂ?’ ಎಂದು ಎರಡನೆಯ ಸಲ ಕೇಳಿದ ಮೇಲೆ ಒಳಕಿಸೆಯಿಂದ ಕಾಗದದ ಪೊಟ್ಟಣ ಹೊರಗೆ ಬಂತು. ಬೂದಿಬಣ್ಣದ ನುಣುಪಾದ ಪುಡಿ. ಹೆಸರಿಲ್ಲ, ವಿಳಾಸವಿಲ್ಲ, ತಯಾರಾದ ದಿನವಿಲ್ಲ. ‘ಇದು ಶುಗರಿಗೆ ಭಾಳ ಚಲೋ ಅಂತ್ರೀ, ಸಂತ್ಯಾಗ ಕೊಟ್ರು.’ ರಕ್ತ ಪರೀಕ್ಷೆಯಲ್ಲಿ ಸೀಸ ಸಿಕ್ಕಿತು. ಪುಡಿ ಬಿಡಿಸಿ, ಚಿಕಿತ್ಸೆ ಕೊಟ್ಟು, ಹೊಟ್ಟೆನೋವು ಹೋಯಿತು. ಸೀಸದ ಬಹುಪಾಲು ಎಲುಬಿಗೆ ಸೇರಿರುತ್ತದೆ. ಅದು ಇಳಿಯಲು ವರ್ಷಗಳೇ ಬೇಕು.

ಆಯುರ್ವೇದವನ್ನು ಜರಿಯುವುದು ನನ್ನ ಉದ್ದೇಶವಲ್ಲ. ಪರವಾನಗಿ ಇರುವ ತಯಾರಕರ, ಚೀಟಿ ಅಂಟಿಸಿದ, ಓದಿ ಕಲಿತ ವೈದ್ಯರು ಬರೆದುಕೊಟ್ಟ ಔಷಧಿಗೆ ಒಬ್ಬರಾದರೂ ಹೊಣೆಗಾರರಿರುತ್ತಾರೆ. ಸಂತೆಯ ಪುಡಿಗೆ ಯಾರೂ ಇಲ್ಲ. ಚೀಟಿ ಇದ್ದರೂ ಎಚ್ಚರ ಬೇಕು: ಅಮೆರಿಕದ ಬಾಸ್ಟನ್ ನಗರದ ಅಂಗಡಿಗಳಲ್ಲಿ ಮಾರುತ್ತಿದ್ದ ದಕ್ಷಿಣ ಏಷ್ಯಾದ 70 ಗಿಡಮೂಲಿಕೆ ಔಷಧಿಗಳನ್ನು ಪರೀಕ್ಷಿಸಿ 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ 14ರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಸಿಕ್ಕಿತ್ತು. ಯುರೋಪಿನವರೂ ಹತ್ತೊಂಬತ್ತನೆಯ ಶತಮಾನದಲ್ಲಿ ಮಧುಮೇಹಕ್ಕೆ ಆರ್ಸೆನಿಕ್ಕಿನ ದ್ರಾವಣ ಕುಡಿಸಿದವರೇ. ಅವರು ಬಿಟ್ಟರು, ನಾವೂ ಬಿಡಬೇಕು.

ಇದರ ಇನ್ನೊಂದು ಮುಖವೂ ಈಗ ಶುರುವಾಗಿದೆ. ‘ದೇಹದ ಲೋಹ ತೆಗೆಸಿ, ಶುಗರ್ ಗುಣವಾಗುತ್ತದೆ’ ಎಂದು ಡಿಟಾಕ್ಸ್ ಹೆಸರಿನಲ್ಲಿ ಸಲೈನ್ ಹಚ್ಚುವವರಿದ್ದಾರೆ. ಮಧುಮೇಹವಿದ್ದು ಒಮ್ಮೆ ಹೃದಯಾಘಾತವಾಗಿದ್ದ ಸುಮಾರು ಸಾವಿರ ಮಂದಿಗೆ ಲೋಹ ಹೊರತೆಗೆಯುವ ಇಡಿಟಿಎ ಔಷಧಿಯನ್ನು, ಇಲ್ಲವೇ ಬರಿಯ ನೀರಿನಂಥ ಹುಸಿ ಔಷಧಿಯನ್ನು ಕೊಟ್ಟು ನೋಡಿದ ದೊಡ್ಡ ಪ್ರಯೋಗದ ಫಲಿತಾಂಶ 2024ರಲ್ಲಿ ಬಂತು. ಇಡಿಟಿಎ ಪಡೆದವರ ರಕ್ತದ ಸೀಸ ಶೇಕಡಾ 61ರಷ್ಟು ಇಳಿಯಿತು. ಹೃದಯದ ತೊಂದರೆಗಳು ಇಳಿಯಲಿಲ್ಲ. ಸೀಸದ ವಿಷ ಏರಿದವರಿಗೆ ಅದು ಜೀವ ಉಳಿಸುವ ಔಷಧಿ; ಸಕ್ಕರೆ ಕಾಯಿಲೆಗೆ ಅಲ್ಲ. ದೇಹಕ್ಕೆ ಸೇರಿ ಕೆಡಿಸಿದ ಮೇಲೆ ತೆಗೆಯುವುದಕ್ಕಿಂತ ಸೇರದಂತೆ ತಡೆಯುವುದೇ ನಮ್ಮ ಕೈಯಲ್ಲಿರುವ ಕೆಲಸ.

ಕೇಳುಗರಲ್ಲಿ ನನ್ನ ವಿನಂತಿ ಇಷ್ಟು. ಇದನ್ನು ಕೇಳಿ ಯಾರೂ ಗುಳಿಗೆ, ಇನ್ಸುಲಿನ್ ನಿಲ್ಲಿಸಬೇಡಿ. ನಡಿಗೆ, ಪಥ್ಯ ಬಿಡಬೇಡಿ. ಮನೆಯಲ್ಲಿ ಹೆಸರಿಲ್ಲದ ಪುಡಿ ಇದ್ದರೆ ಮುಂದಿನ ಸಲ ವೈದ್ಯರ ಹತ್ತಿರ ಹೋಗುವಾಗ ಅದನ್ನೂ ಒಯ್ಯಿರಿ, ಬೈಯುತ್ತಾರೆಂದು ಮುಚ್ಚಿಡಬೇಡಿ. ತಂಬಾಕು ಬಿಡಲು ನೆರವು ಕೇಳಿ. ಬ್ಯಾಟರಿ, ವೆಲ್ಡಿಂಗ್, ಲೋಹದ ಲೇಪ ಹಾಕುವ ಕೆಲಸದವರು ಅಲ್ಲಿಯ ಬಟ್ಟೆಯಲ್ಲೇ ಮನೆಗೆ ಬಂದು ಮಗುವನ್ನು ಎತ್ತಿಕೊಳ್ಳಬೇಡಿ, ಕೈ ತೊಳೆಯದೆ ಬುತ್ತಿ ಬಿಚ್ಚಬೇಡಿ. ನನ್ನ ಜೊತೆಯ ವೈದ್ಯರಲ್ಲೂ ಒಂದು ಕೋರಿಕೆ: ಬೊಜ್ಜಿಲ್ಲದ, ಮನೆತನದಲ್ಲಿ ಕಾಯಿಲೆಯಿಲ್ಲದ ರೋಗಿ ಎದುರಿಗೆ ಕೂತಾಗ ನೀರು, ಕೆಲಸ, ಪುಡಿಯ ಬಗ್ಗೆ ಎರಡು ನಿಮಿಷ ಕೇಳಿ.

ಸರ್ಕಾರ ಮಾಡಬೇಕಾದದ್ದು ಬೇರೆ ಇದೆ. ಸುರಪುರ, ಲಿಂಗಸುಗೂರು ಸೀಮೆಯ ಗಣಿ ಪ್ರದೇಶದ ಹಳ್ಳಿ, ತಾಂಡಾಗಳಿಗೆ ನದಿಯ ನೀರು ನಿತ್ಯ ತಲುಪಬೇಕು. ಕೆಟ್ಟು ನಿಂತ ಶುದ್ಧ ನೀರಿನ ಘಟಕದ ಬೋರ್ಡು ನೀರು ಕೊಡುವುದಿಲ್ಲ. ಹಾಗೆಯೇ, ಹಿಂದೆ ಆ ನೀರು ಕುಡಿದು ಬೆಳೆದವರಲ್ಲಿ ಮೂವತ್ತು ದಾಟಿದ ಪ್ರತಿಯೊಬ್ಬರ ಚರ್ಮದ ಜೊತೆಗೆ ರಕ್ತದ ಸಕ್ಕರೆ, ರಕ್ತದೊತ್ತಡ, ಮೂತ್ರಪಿಂಡಗಳನ್ನು ವರ್ಷಕ್ಕೊಮ್ಮೆ ಆರೋಗ್ಯ ಇಲಾಖೆಯೇ ಅವರ ಊರಿಗೆ ಹೋಗಿ ಪರೀಕ್ಷಿಸಬೇಕು. ಅದು ಅವರಿಗೆ ಮಾಡುವ ಉಪಕಾರವಲ್ಲ, ಅವರಿಗೆ ಸಲ್ಲಬೇಕಾದ ಬಾಕಿ.